ಗದ್ದೆಯ ಇಂಗಾಲದ ಲೆಕ್ಕ: ಪುಸ್ತಕವೋ, ಟೂಲೋ, ಮಣ್ಣು ಪರೀಕ್ಷೆಯೋ, ಗಾಳಿ ಹಿಡಿಯುವ ಪೆಟ್ಟಿಗೆಯೋ?

ಸಿಂಧನೂರು ಕಡೆಯ ಭತ್ತದ ರೈತರೊಬ್ಬರು ಫೋನ್ ಮಾಡಿ ಕೇಳಿದರು: "ಸರ್, ಅಕ್ಕಿ ತಗೊಳ್ಳೋರು ನಿಮ್ ಗದ್ದಿಯಿಂದ ಎಷ್ಟ್ ಇಂಗಾಲ ಹೋಗ್ತದ, ಬರ್ದು ಕೊಡ್ರಿ ಅಂತಾರ. ಇದನ್ನ ಯಾರ್ ಕಡೆ ಅಳತಿ ಮಾಡಸ್ಬೇಕ್ರಿ?" ಅದೇ ವಾರ ಒಂದು ರೈತ ಉತ್ಪಾದಕ ಕಂಪನಿಯ ವ್ಯವಸ್ಥಾಪಕಿ ಕೇಳಿದ್ದು, ಕಾರ್ಬನ್ ಕ್ರೆಡಿಟ್ (ಉಳಿಸಿದ ಇಂಗಾಲವನ್ನು ಎಣಿಸಿ ಮಾರುವ ಲೆಕ್ಕ) ಕಂಪನಿಯವರ ಆ್ಯಪ್‌ಗೆ ಸದಸ್ಯರನ್ನು ಸೇರಿಸಬಹುದಾ ಎಂದು. ಕೃಷಿ ಎಂಎಸ್ಸಿ ಓದುವ ಹುಡುಗನೊಬ್ಬ ತನ್ನ ಪ್ರಬಂಧಕ್ಕೆ ಯಾವ ವಿಧಾನ ಹಿಡಿಯಲಿ ಎಂದು ಪತ್ರವನ್ನೇ ಬರೆದ. ಕೇಳಿದ ವಿಷಯ ಒಂದೇ ಆದರೂ ಮೂವರಿಗೂ ಒಂದೇ ಉತ್ತರ ಕೊಟ್ಟಿದ್ದರೆ ಇಬ್ಬರ ದುಡ್ಡು ದಂಡವಾಗುತ್ತಿತ್ತು.

ಹತ್ತು ವರ್ಷದಿಂದ ರೈತ ಗುಂಪುಗಳಿಗೆ ಲೆಕ್ಕ ಬರೆಯುವುದನ್ನು ಕಲಿಸುತ್ತಾ ಬಂದಿದ್ದೇನೆ. ಅಲ್ಲಿ ಕಂಡದ್ದನ್ನು ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು

ಮೊದಲನೆಯದು, ಸಿಗುವ ಅಂಕಿಯನ್ನು ಏನು ಮಾಡುತ್ತೀರಿ? ನಿಮ್ಮ ಗೊಬ್ಬರ, ನೀರು ಸರಿಮಾಡಿಕೊಳ್ಳುವುದಕ್ಕೋ, ಖರೀದಿದಾರರಿಗೆ ತೋರಿಸುವುದಕ್ಕೋ, ಕ್ರೆಡಿಟ್ ಮಾರುವುದಕ್ಕೋ, ಸಂಶೋಧನೆಗೋ? ಎರಡನೆಯದು, ಹಣ ಮತ್ತು ಬಿಡುವು ಎಷ್ಟಿದೆ? ಮೂರನೆಯದು, ಎಷ್ಟು ಸಣ್ಣ ಬದಲಾವಣೆಯನ್ನು ಹಿಡಿಯಬೇಕು? ನೂರು ಕಿಲೋ ವ್ಯತ್ಯಾಸ ನೋಡಬೇಕಾದವರು ಸಾವಿರ ಕಿಲೋ ಆಚೀಚೆ ಆಗುವ ತಕ್ಕಡಿ ಕೊಂಡರೆ ಪ್ರಯೋಜನವಿಲ್ಲ. ನಾಲ್ಕನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಈ ಲೆಕ್ಕವನ್ನು ನೀವೇ ಮತ್ತೆ ಕೂಡಿ ನೋಡಬಹುದೇ, ಅಥವಾ ಯಾರೋ ಹೇಳಿದ ಅಂಕಿಯನ್ನು ನಂಬಿ ಕೂರಬೇಕೇ?

ಹೊಲದಿಂದ ಹೋಗುವುದು ಏನು ಎನ್ನುವುದೂ ತಿಳಿದಿರಬೇಕು. ಟ್ರ್ಯಾಕ್ಟರ್ ಹೊಗೆ ಕಣ್ಣಿಗೆ ಕಾಣುತ್ತದೆ, ಅದಕ್ಕೇ ಎಲ್ಲರೂ ಅದನ್ನೇ ಹೇಳುತ್ತಾರೆ. ಆದರೆ ನೀರು ನಿಂತ ಭತ್ತದ ಗದ್ದೆಯಲ್ಲಿ ದೊಡ್ಡ ಪಾಲು ಮೀಥೇನಿನದು. ಯೂರಿಯಾ, ಡಿಎಪಿ ಹಾಕಿದ ಹೊಲದಲ್ಲಿ ನೈಟ್ರಸ್ ಆಕ್ಸೈಡ್ ಇರುತ್ತದೆ. ನೂರು ವರ್ಷದ ಲೆಕ್ಕದಲ್ಲಿ 1 ಕಿಲೋ ಮೀಥೇನ್ 28 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ, 1 ಕಿಲೋ ನೈಟ್ರಸ್ ಆಕ್ಸೈಡ್ 265 ಕಿಲೋಗೆ ಸಮ. ಇವು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಐದನೇ ವರದಿಯ ಗುಣಕಗಳು. ಆರನೇ ವರದಿಯಲ್ಲಿ ಸ್ವಲ್ಪ ಬದಲಾಗಿವೆ. ಯಾರೇ ಲೆಕ್ಕ ಕೊಡಲಿ, ಯಾವ ವರದಿಯದನ್ನು ಬಳಸಿದಿರಿ ಎಂದು ಕೇಳಿ.

ಲೆಕ್ಕದ ಪುಸ್ತಕ, ಪೆನ್ನು, ಐಪಿಸಿಸಿ ಗುಣಕಗಳು

ಖರ್ಚು ಒಂದು ನೋಟ್‌ಬುಕ್. ನನ್ನ ಮಟ್ಟಿಗೆ ಶುರುಮಾಡಬೇಕಾದ್ದು ಇಲ್ಲಿಂದಲೇ. ಮುಂದಿನ ಯಾವ ವಿಧಾನ ಹಿಡಿದರೂ ಅದು ಕೇಳುವುದು ಈ ಪುಸ್ತಕದಲ್ಲಿರುವುದನ್ನೇ.

ತುಂಗಭದ್ರಾ ಎಡದಂಡೆಯ 1 ಎಕರೆ ಸೋನಾ ಮಸೂರಿ ಎಂದುಕೊಳ್ಳಿ. 110 ದಿನ ನೀರು ನಿಂತಿದೆ. 45 ಕಿಲೋದ 3 ಚೀಲ ಯೂರಿಯಾ, 50 ಕಿಲೋದ 1 ಚೀಲ ಡಿಎಪಿ ಬಿದ್ದಿದೆ. ಕೆಸರು ಮಾಡಿದ್ದು, ಕಟಾವು ಯಂತ್ರ ಎಲ್ಲ ಸೇರಿ 30 ಲೀಟರ್ ಡೀಸೆಲ್. ಇಳುವರಿ 25 ಕ್ವಿಂಟಲ್.

ಐಪಿಸಿಸಿ 2019ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ದಕ್ಷಿಣ ಏಷ್ಯಾದ ಗದ್ದೆಗೆ ಹೆಕ್ಟೇರಿಗೆ ದಿನಕ್ಕೆ 0.85 ಕಿಲೋ ಮೀಥೇನ್ ಎಂದಿದೆ. 110 ದಿನಕ್ಕೆ ಹೆಕ್ಟೇರಿಗೆ 93.5 ಕಿಲೋ, ಎಕರೆಗೆ ಸುಮಾರು 38 ಕಿಲೋ. ಅದನ್ನು 28ರಿಂದ ಗುಣಿಸಿದರೆ 1,060 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ನೂರು ಪಾಲು ಯೂರಿಯಾದಲ್ಲಿ 46 ಪಾಲು, ಡಿಎಪಿಯಲ್ಲಿ 18 ಪಾಲು ಸಾರಜನಕ. ಒಟ್ಟು 71 ಕಿಲೋ. ನೀರು ನಿಂತ ಗದ್ದೆಯಲ್ಲಿ ಅದರ 0.3 ಪ್ರತಿಶತ ನೈಟ್ರಸ್ ಆಕ್ಸೈಡ್ ಆಗಿ ಹೋಗುತ್ತದೆ ಎಂಬುದು ಗುಣಕ. ಆ ಸಾರಜನಕದ ತೂಕವನ್ನು ನೈಟ್ರಸ್ ಆಕ್ಸೈಡಿನ ತೂಕಕ್ಕೆ ತಿರುಗಿಸಿ (44/28ರಿಂದ ಗುಣಿಸಿ) 265ರಿಂದ ಗುಣಿಸಿದರೆ ಸುಮಾರು 90 ಕಿಲೋಗೆ ಸಮ. ಯೂರಿಯಾ ಕರಗುವಾಗ ಅದರೊಳಗಿನ ಇಂಗಾಲವೇ ಹೊರಬಂದು ಕಿಲೋಗೆ 0.73ರ ಲೆಕ್ಕದಲ್ಲಿ 100 ಕಿಲೋ. ಡೀಸೆಲ್ ಲೀಟರಿಗೆ 2.68ರಂತೆ 80 ಕಿಲೋ. ಎಲ್ಲ ಕೂಡಿ ಎಕರೆಗೆ ಸುಮಾರು 1,330 ಕಿಲೋ, ಅಂದರೆ 1 ಕಿಲೋ ಭತ್ತಕ್ಕೆ ಅರ್ಧ ಕಿಲೋಗಿಂತ ತುಸು ಹೆಚ್ಚು.

ಡೀಸೆಲ್ ಪಾಲು ಎಷ್ಟು ಸಣ್ಣದು ನೋಡಿ. ಕಣ್ಣಿಗೆ ಕಾಣುವ ಹೊಗೆ 80, ಕಾಣದ ಗುಳ್ಳೆ 1,060.

ಈಗ ಅದೇ ಗದ್ದೆಯಲ್ಲಿ ನೀರನ್ನು ನಡುನಡುವೆ ಹಲವು ಬಾರಿ ಇಳಿಸಿದರೆ? ಮೀಥೇನನ್ನು 0.55ರಿಂದ ಗುಣಿಸಬೇಕು, ನೈಟ್ರಸ್ ಆಕ್ಸೈಡಿನ ಗುಣಕ 0.3ರಿಂದ 0.5 ಪ್ರತಿಶತಕ್ಕೆ ಏರುತ್ತದೆ. ಒಂದು ಇಳಿಯಿತು, ಇನ್ನೊಂದು ಸ್ವಲ್ಪ ಏರಿತು. ಒಟ್ಟು 910 ಕಿಲೋದ ಹತ್ತಿರ ಬರುತ್ತದೆ. ಎಕರೆಗೆ 420 ಕಿಲೋ ಉಳಿತಾಯ. ಬರೀ ಮೀಥೇನ್ ಇಳಿದದ್ದನ್ನು ತೋರಿಸಿ ಇನ್ನೊಂದನ್ನು ಬಿಟ್ಟ ಲೆಕ್ಕ ಯಾರಾದರೂ ಕೊಟ್ಟರೆ ಒಪ್ಪಬೇಡಿ.

ಈ ವಿಧಾನದ ಕೊರತೆಯೂ ಇಲ್ಲಿಯೇ ಇದೆ. ಅದೇ ಐಪಿಸಿಸಿಯ 2006ರ ಮಾರ್ಗಸೂಚಿಯಲ್ಲಿ 0.85ರ ಜಾಗದಲ್ಲಿ ಇಡೀ ಜಗತ್ತಿಗೆ 1.30 ಎಂದಿತ್ತು. ಆ ಅಂಕಿ ಹಾಕಿದರೆ ಇದೇ ಎಕರೆಯ ಮೀಥೇನ್ 1,620 ಕಿಲೋಗೆ ಸಮ ಎಂದು ಬರುತ್ತದೆ. ಗದ್ದೆ, ರೈತ, ನೀರು ಯಾವುದೂ ಬದಲಾಗಿಲ್ಲ, ಲೆಕ್ಕ ಮಾತ್ರ ಒಂದೂವರೆ ಪಟ್ಟು. ಹಾಗಾಗಿ ಈ ಅಂಕಿ ನಿಮ್ಮ ಗದ್ದೆಯ ನಿಜವಾದ ತೂಕವಲ್ಲ; ಹೋದ ವರ್ಷದ ನೀವು ಮತ್ತು ಈ ವರ್ಷದ ನೀವು, ಇಬ್ಬರನ್ನು ಹೋಲಿಸುವ ಅಳತೆಗೋಲು. ಅದಕ್ಕೆ ಧಾರಾಳವಾಗಿ ಸಾಕು. ಭತ್ತದ ಹುಲ್ಲನ್ನು ನಾಟಿಗೆ ತಿಂಗಳೊಳಗೆ ಕೆಸರಿಗೆ ಉತ್ತರೆ ಮೀಥೇನ್ ಹೆಚ್ಚುತ್ತದೆ, ಅದಕ್ಕೂ ಗುಣಕವಿದೆ. ಹೆಕ್ಟೇರಿಗೆ 2 ಟನ್ ಹುಲ್ಲು ಸೇರಿಸಿದರೆ ಹತ್ತಿರ ಹತ್ತಿರ ಎರಡು ಪಟ್ಟು! ಹುಲ್ಲು ಸುಡಬಾರದು, ಸರಿ. ಆದರೆ ಕೆಸರಿಗೆ ಹಸಿಯಾಗಿ ತುಳಿಯುವುದಕ್ಕಿಂತ ಬಣವೆ ಒಟ್ಟಿ ದನಕ್ಕೆ ಹಾಕುವುದು, ಇಲ್ಲವೇ ಕಾಂಪೋಸ್ಟ್ ಮಾಡಿ ಹಾಕುವುದು ಲೇಸು ಎನ್ನುವುದು ಕೂಡಿ ನೋಡಿದಾಗಲೇ ತಿಳಿಯುವುದು.

ಮಳೆಯಾಶ್ರಿತ ರಾಗಿಗೆ ಇದೇ ಲೆಕ್ಕ ಹಾಕಿದರೆ ಐದು ನಿಮಿಷದ ಕೆಲಸ. ಎಕರೆಗೆ 1 ಚೀಲ ಯೂರಿಯಾ, 15 ಲೀಟರ್ ಡೀಸೆಲ್, 8 ಕ್ವಿಂಟಲ್ ಇಳುವರಿ ಎಂದರೆ ಒಟ್ಟು 120 ಕಿಲೋ ದಾಟುವುದಿಲ್ಲ. ರಾಗಿ, ನವಣೆ ಬೆಳೆಯುವವರು ದುಬಾರಿ ಅಳತೆಗೆ ಹೋಗುವ ಅಗತ್ಯವೇ ಇಲ್ಲ ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಕೊಳವೆಬಾವಿ ಇರುವವರ ಕಥೆ ಬೇರೆ. 5 ಎಚ್‌ಪಿ ಮೋಟಾರು ಗಂಟೆಗೆ ಸುಮಾರು 4.4 ಯೂನಿಟ್ ಎಳೆಯುತ್ತದೆ. ದಿನಕ್ಕೆ 7 ಗಂಟೆ ಓಡಿದರೆ 31 ಯೂನಿಟ್. ನಮ್ಮ ದೇಶದ ಗ್ರಿಡ್‌ನಲ್ಲಿ ಯೂನಿಟ್ಟಿಗೆ ಸುಮಾರು 0.7 ಕಿಲೋ ಎಂದರೆ ದಿನಕ್ಕೆ ಸುಮಾರು 22 ಕಿಲೋ, ನೂರು ದಿನಕ್ಕೆ 2 ಟನ್ ಮೀರಿತು. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಬಿಲ್ ಬರುವುದಿಲ್ಲ, ಆದ್ದರಿಂದ ಈ 2 ಟನ್ ಯಾವ ಕಾಗದದಲ್ಲೂ ಕಾಣುವುದಿಲ್ಲ. ನಾನು ನೋಡಿದ ಹತ್ತಾರು ಲೆಕ್ಕಗಳಲ್ಲಿ ಬಿಟ್ಟುಹೋಗಿದ್ದು ಇದೇ. ಮೋಟಾರು ಶುರು ಮಾಡಿದ ಹೊತ್ತು, ನಿಲ್ಲಿಸಿದ ಹೊತ್ತು ಬರೆದಿಡಿ.

ಕಂಪ್ಯೂಟರ್ ಟೂಲುಗಳು

ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕೂಲ್ ಫಾರ್ಮ್ ಟೂಲ್. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಯೂನಿಲಿವರ್ ಮತ್ತು ಸಸ್ಟೈನಬಲ್ ಫುಡ್ ಲ್ಯಾಬ್ ಜೊತೆಗೂಡಿ ಕಟ್ಟಿದ್ದು. ಬೆಳೆ, ವಿಸ್ತೀರ್ಣ, ಇಳುವರಿ, ಮಣ್ಣಿನ ಗುಣ, ಗೊಬ್ಬರದ ಬಗೆ ಮತ್ತು ಪ್ರಮಾಣ, ಎಷ್ಟು ಸಲ ಔಷಧಿ ಹೊಡೆದಿರಿ, ಇಂಧನ, ಸಾಗಾಟ ಎಲ್ಲ ಕೇಳುತ್ತದೆ. ಭತ್ತಕ್ಕೆ ನೀರಿನ ಪದ್ಧತಿಯನ್ನೂ ಕೇಳುತ್ತದೆ. ಪುಸ್ತಕದ ಲೆಕ್ಕದಲ್ಲಿ ನಾನು ಬಿಟ್ಟಿದ್ದ ಒಂದು ದೊಡ್ಡ ಅಂಶವನ್ನು ಇದು ತಾನೇ ಸೇರಿಸುತ್ತದೆ: ಗೊಬ್ಬರ ಕಾರ್ಖಾನೆಯಲ್ಲಿ ತಯಾರಾಗುವಾಗಿನ ಹೊರಸೂಸುವಿಕೆ. ಹಾಗಾಗಿ ನಿಮ್ಮ ಪುಸ್ತಕದ ಅಂಕಿಗಿಂತ ಇಲ್ಲಿ ಹೆಚ್ಚು ಬಂದರೆ ಗಾಬರಿ ಬೇಡ, ಎಲ್ಲಿಂದ ಎಲ್ಲಿಯವರೆಗೆ ಎಣಿಸಿದೆ ಎನ್ನುವ ಗಡಿ ಬೇರೆ.

ಖರೀದಿದಾರರಿಗೆ ತೋರಿಸಬೇಕಾದವರಿಗೆ ಇದು ಒಳ್ಳೆಯ ಆಯ್ಕೆ. ದೊಡ್ಡ ಆಹಾರ ಕಂಪನಿಗಳಿಗೆ ಇದರ ಹೆಸರು ಗೊತ್ತು, ನಿಮ್ಮ ಕೈಬರಹಕ್ಕಿಂತ ಈ ಹಾಳೆಯನ್ನು ಬೇಗ ಒಪ್ಪುತ್ತಾರೆ. ತೊಂದರೆ ಎಂದರೆ ತುಂಬುವಾಗ ಇಂಗ್ಲಿಷ್ ಓದುವವರೊಬ್ಬರು ಪಕ್ಕದಲ್ಲಿರಬೇಕು, ಎಕರೆಯನ್ನು ಹೆಕ್ಟೇರಿಗೆ, ಚೀಲವನ್ನು ಕಿಲೋಗೆ ತಿರುಗಿಸಿ ಕೊಡಬೇಕು. ಒಂದು ಗುಂಪಿನಲ್ಲಿ ಯೂರಿಯಾ ಚೀಲವನ್ನು ಹಳೆಯ ರೂಢಿಯಂತೆ 50 ಕಿಲೋ ಎಂದು ಎಣಿಸಿ ಅರವತ್ತು ಜನರ ಲೆಕ್ಕ ಕೆಟ್ಟಿತ್ತು. ಈಗಿನ ಚೀಲ 45 ಕಿಲೋದ್ದು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒದ ಎಕ್ಸ್-ಆ್ಯಕ್ಟ್ ಎನ್ನುವ ಟೂಲ್ ಉಚಿತ. ಆದರೆ ಅದು ಜಲಾನಯನ ಯೋಜನೆ, ತಾಲ್ಲೂಕು ಮಟ್ಟದ ಯೋಜನೆಗಳಿಗಾಗಿ ಮಾಡಿದ್ದು. ಯೋಜನೆ ಇದ್ದರೆ ಹೇಗೆ, ಇಲ್ಲದಿದ್ದರೆ ಹೇಗೆ ಎಂದು ವರ್ಷಗಳ ಮುಂದಿನ ಲೆಕ್ಕ ಕೊಡುತ್ತದೆ. ಒಬ್ಬ ರೈತನಿಗೆ ಬೇಡ. ಡಿಎನ್‌ಡಿಸಿಯಂತಹ ಮಾದರಿಗಳು ದಿನದಿನದ ಹವಾಮಾನ, ಮಣ್ಣು, ಬೇರು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ವಿದ್ಯಾರ್ಥಿಗಳಿಗೆ, ಸಂಸ್ಥೆಗಳಿಗೆ ಸರಿ. ನಮ್ಮ ಮಣ್ಣಿನಲ್ಲಿ ಅಳೆದ ಅಂಕಿಗಳಿಂದ ತಿದ್ದದೆ ಓಡಿಸಿದರೆ ಅವೂ ಅಂದಾಜೇ.

ಮಣ್ಣು ಪರೀಕ್ಷೆ

"ನಾನು ಸಾವಯವ ಮಾಡ್ತೀನಿ, ನನ್ನ ಮಣ್ಣು ಇಂಗಾಲ ಹೀರ್ಕೊಳ್ಳುತ್ತೆ, ಅದನ್ನು ಕಳೆದು ತೋರಿಸಿ" ಎನ್ನುವವರು ಬಹಳ. ಅವರ ಮಾತಿನಲ್ಲಿ ನಿಜವಿದೆ, ತೋರಿಸುವುದು ಕಷ್ಟ.

ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ನೋಡುವುದು ವಾಕ್ಲೆ-ಬ್ಲ್ಯಾಕ್ ವಿಧಾನದಲ್ಲಿ. ಮಣ್ಣಿಗೆ ಡೈಕ್ರೋಮೇಟ್, ಗಂಧಕಾಮ್ಲ ಹಾಕಿ ಸುಡುವ ವಿಧಾನ. ಅದು ಸರಾಸರಿ 77 ಪ್ರತಿಶತ ಇಂಗಾಲವನ್ನಷ್ಟೇ ಹಿಡಿಯುತ್ತದೆ, ಬಂದ ಅಂಕಿಯನ್ನು 1.3ರಿಂದ ಗುಣಿಸಿ ಉಳಿದದ್ದನ್ನು ತುಂಬುತ್ತಾರೆ. ನಿಮ್ಮ ಮಣ್ಣು ಆರೋಗ್ಯ ಚೀಟಿಯಲ್ಲಿ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ಮೀರಿದರೆ ಹೆಚ್ಚು ಎಂದು ಬರೆದಿರುತ್ತದೆ. ಗೊಬ್ಬರದ ಶಿಫಾರಸಿಗೆ ಅಷ್ಟು ಸಾಕು. ಇಂಗಾಲದ ದಾಸ್ತಾನು ಲೆಕ್ಕಕ್ಕೆ ಸಾಲದು.

ಯಾಕೆಂದು ಕೂಡಿ ನೋಡೋಣ. 30 ಸೆಂಟಿಮೀಟರ್ ಆಳದ ಮಣ್ಣು, ಘನ ಸೆಂಟಿಮೀಟರಿಗೆ 1.3 ಗ್ರಾಂ ತೂಕ, ಇಂಗಾಲ 0.5 ಪ್ರತಿಶತ. ಹೆಕ್ಟೇರಿಗೆ 19.5 ಟನ್ ಇಂಗಾಲ (1 ಟನ್ ಇಂಗಾಲ ಎಂದರೆ 3.67 ಟನ್ ಇಂಗಾಲದ ಡೈಆಕ್ಸೈಡ್). ಅದು 0.50ರಿಂದ 0.55 ಆದರೆ ಎಕರೆಗೆ ಸುಮಾರು 2.9 ಟನ್ ಇಂಗಾಲದ ಡೈಆಕ್ಸೈಡ್ ಹೀರಿಕೊಂಡಂತೆ. ಮೇಲಿನ ಇಡೀ ಭತ್ತದ ಬೆಳೆಯ ಲೆಕ್ಕಕ್ಕಿಂತ ಎರಡು ಪಟ್ಟು! ಆದರೆ 0.05ರ ಆಚೀಚೆ ಒಂದೇ ಹೊಲದ ಎರಡು ಮೂಲೆಗಳಲ್ಲೇ ಇರುತ್ತದೆ. ಕೆಲವು ವರ್ಷದ ಹಿಂದೆ ಒಂದೇ ಬುಟ್ಟಿಯಲ್ಲಿ ಕಲಸಿದ ಮಣ್ಣನ್ನು ಎರಡು ಚೀಲ ಮಾಡಿ ಎರಡು ಕಡೆ ಕೊಟ್ಟಿದ್ದೆ. ಒಂದು ಕಡೆ 0.48, ಇನ್ನೊಂದು ಕಡೆ 0.62 ಬಂತು. ಎರಡನೇ ಚೀಟಿ ನಂಬಿದ್ದರೆ ಆ ರೈತರು ಬರೀ ಕಾಗದದ ಮೇಲೆ ಎಕರೆಗೆ 8 ಟನ್ ಸಂಪಾದಿಸುತ್ತಿದ್ದರು.

ಮಾಡಿಸಲೇಬೇಕೆಂದಿದ್ದರೆ ಯಂತ್ರದಲ್ಲಿ ಉರಿಸಿ ಅಳೆಯುವ ವಿಧಾನ ಮೇಲು. ಆದರೆ ರಾಯಚೂರು, ವಿಜಯಪುರದ ಎರೆ ಭೂಮಿಯವರು ಒಂದು ಮಾತು ಹೇಳಿ ಕೊಡಬೇಕು: ಆ ಮಣ್ಣಿನಲ್ಲಿ ಸುಣ್ಣದ ಅಂಶವಿದೆ, ಅದರ ಇಂಗಾಲವೂ ಉರಿದು ಲೆಕ್ಕಕ್ಕೆ ಸೇರುತ್ತದೆ. ಮೊದಲು ಆಮ್ಲ ಹಾಕಿ ಸುಣ್ಣ ತೆಗೆಯಬೇಕು. ಮಣ್ಣಿನ ಸಾಂದ್ರತೆಯನ್ನೂ ಅಳೆಸಬೇಕು. ಅದೇ ಜಾಗ, ಅದೇ ಆಳ, ಅದೇ ಕಾಲ, ಅದೇ ಪ್ರಯೋಗಾಲಯ. ಎರಡು ಪರೀಕ್ಷೆಗಳ ನಡುವೆ ನಾಲ್ಕೈದು ವರ್ಷ ಬಿಡಬೇಕು. ವರ್ಷ ವರ್ಷ ಮಾಡಿಸಿದರೆ ಕಾಣುವುದು ಪರೀಕ್ಷೆಯ ಏರಿಳಿತವೇ ಹೊರತು ಮಣ್ಣಿನದಲ್ಲ. ಅಡಿಕೆ, ತೆಂಗು, ಕಾಫಿ ತೋಟದವರು ಈ ವಿಧಾನಕ್ಕೆ ಹಣ ಹಾಕಿದರೆ ಅರ್ಥವಿದೆ. ಭತ್ತದವರು ಅದೇ ಹಣವನ್ನು ಬದು, ತೂಬು ಸರಿಮಾಡಿಸಿ ನೀರು ಇಳಿಸುವುದಕ್ಕೆ ಬಳಸಲಿ.

ಗದ್ದೆಯಲ್ಲೇ ಗಾಳಿ ಹಿಡಿಯುವುದು

ಇಲ್ಲಿ ಹೇಳಿದವುಗಳಲ್ಲಿ ಗದ್ದೆಯಿಂದ ಏಳುವ ಅನಿಲವನ್ನು ನೇರವಾಗಿ ಅಳೆಯುವುದು ಇದೊಂದೇ. ಗದ್ದೆಯ ಕೆಸರಿನಲ್ಲಿ ಒಂದು ಲೋಹದ ಚೌಕಟ್ಟು ಊರುತ್ತಾರೆ. ಅದರ ಅಂಚಿನ ಕಾಲುವೆಯಲ್ಲಿ ನೀರು ತುಂಬಿ, ನಾಲ್ಕಾರು ಬುಡ ಭತ್ತದ ಮೇಲೆ ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆ ಕವುಚುತ್ತಾರೆ. ನೀರೇ ಗಾಳಿ ತೂರದಂತೆ ಮುದ್ರೆ. ಒಳಗೆ ಪುಟ್ಟ ಫ್ಯಾನು. ಮುಚ್ಚಿದ ಕೂಡಲೇ ಒಮ್ಮೆ, ಅರ್ಧ ಗಂಟೆಗೆ ಒಮ್ಮೆ, ಗಂಟೆಗೆ ಒಮ್ಮೆ ಸಿರಿಂಜಿನಲ್ಲಿ ಗಾಳಿ ಎಳೆದು ಸೀಸೆಗೆ ತುಂಬುತ್ತಾರೆ. ಗ್ಯಾಸ್ ಕ್ರೊಮಾಟೋಗ್ರಾಫ್ ಯಂತ್ರದಲ್ಲಿ ಮೀಥೇನ್ ಎಷ್ಟು ಏರಿತು ನೋಡುತ್ತಾರೆ.

ಒಮ್ಮೆ ಇಂಥ ಕೆಲಸಕ್ಕೆ ಸಹಾಯಕನಾಗಿ ನಿಂತಿದ್ದೆ. ಪೆಟ್ಟಿಗೆ ಸರಿಮಾಡಲು ಹೋಗಿ ಅದರ ಪಕ್ಕದಲ್ಲಿ ಕಾಲಿಟ್ಟೆ, ಕೆಸರಿನಿಂದ ಬುಳುಬುಳು ಗುಳ್ಳೆ ಎದ್ದವು. "ಅಷ್ಟೂ ಮೀಥೇನೇ ಕಣ್ರೀ, ಇವತ್ತಿನ ಅಳತೆ ಹೋಯ್ತು" ಎಂದರು ಜೊತೆಗಿದ್ದವರು. ಅದಕ್ಕೇ ಹಲಗೆ ಹಾಕಿಕೊಂಡು ಅದರ ಮೇಲೆ ನಡೆಯಬೇಕು. ಮೇಲುಗೊಬ್ಬರ ಹಾಕಿದ ಮೇಲೆ ಕೆಲವು ದಿನ ಬಿಡದೆ ಅಳೆಯಬೇಕು, ನೈಟ್ರಸ್ ಆಕ್ಸೈಡ್ ಆಗಲೇ ಏಳುವುದು. ಇಡೀ ಬೆಳೆ ಕಾಲ, ಒಂದೊಂದು ಪ್ರಯೋಗಕ್ಕೂ ಕನಿಷ್ಠ ಮೂರು ಪೆಟ್ಟಿಗೆ.

ಇದು ರೈತ ಮಾಡಿಸುವ ಕೆಲಸವಲ್ಲ. ಆದರೆ ನಮ್ಮ ನೆಲದಲ್ಲಿ ಯಾರಾದರೂ ಮಾಡಲೇಬೇಕಾದ ಕೆಲಸ. 1990ರ ಸುಮಾರಿಗೆ ಹೊರದೇಶಗಳ ಅಂಕಿ ಹಿಡಿದು ಭಾರತದ ಭತ್ತದ ಗದ್ದೆಗಳು ವರ್ಷಕ್ಕೆ 3.78 ಕೋಟಿ ಟನ್ ಮೀಥೇನ್ ಬಿಡುತ್ತವೆ ಎಂದು ಅಮೆರಿಕದ ಅಂದಾಜು ಹೇಳಿತ್ತು. 1991ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ನೇತೃತ್ವದಲ್ಲಿ ನಮ್ಮ ವಿಜ್ಞಾನಿಗಳು ದೇಶದ ಗದ್ದೆಗಳಲ್ಲಿ ಪೆಟ್ಟಿಗೆ ಇಟ್ಟು ಅಳೆದಾಗ ಬಂದದ್ದು ಸುಮಾರು 40 ಲಕ್ಷ ಟನ್. ಹತ್ತನೇ ಒಂದು ಪಾಲು! ನಮ್ಮ ರೈತರ ತಲೆಯ ಮೇಲಿದ್ದ ಆರೋಪವನ್ನು ಇಳಿಸಿದ್ದು ಆ ಸಿರಿಂಜು, ಸೀಸೆಗಳೇ. ಪ್ರಬಂಧ ಬರೆಯುವ ಹುಡುಗನಿಗೆ ನಾನು ಹೇಳಿದ್ದು ಇದನ್ನೇ: ಮಾರ್ಗದರ್ಶಕರ ಬಳಿ ಯಂತ್ರವಿದ್ದರೆ ಇನ್ನೇನೂ ಯೋಚಿಸಬೇಡ, ಎರಡು ಹಂಗಾಮು ಅಳೆ. ಕಾಲುವೆ ಕೊನೆಯ ಗದ್ದೆ, ಕೂರಿಗೆ ಭತ್ತ ಎರಡನ್ನೂ ಜೋಡಿಸಿ ನೋಡು.

ಕಂಪನಿಯ ಆ್ಯಪ್ ಮತ್ತು ಕ್ರೆಡಿಟ್

ಇಲ್ಲಿ ಅಳತೆಗೆ ರೈತ ಹಣ ಕೊಡಬೇಕಿಲ್ಲ, ಉಪಗ್ರಹದ ಚಿತ್ರ, ಫೋಟೊ, ಮಾದರಿ ಎಲ್ಲ ಕಂಪನಿಯದೇ. ಅದು ಒಳ್ಳೆಯದೇ. ಆದರೆ ಮೇಲಿನ ಲೆಕ್ಕ ನೆನಪಿಡಿ: ನೀರು ಇಳಿಸಿದ್ದಕ್ಕೆ ಎಕರೆಗೆ ಒಂದು ಬೆಳೆಗೆ ಉಳಿದದ್ದು 420 ಕಿಲೋ. ಒಂದು ಕ್ರೆಡಿಟ್ ಎಂದರೆ 1 ಟನ್. ಟನ್ನಿಗೆ ಸಾವಿರ ರೂಪಾಯಿ ಎಂದೇ ಇಟ್ಟುಕೊಳ್ಳಿ, ಎಕರೆಗೆ 420 ರೂಪಾಯಿ, ಅದರಲ್ಲಿ ಪರಿಶೀಲನೆಯ ಖರ್ಚು, ಕಂಪನಿಯ ಪಾಲು ಕಳೆಯಬೇಕು. ಯಾರಾದರೂ ಎಕರೆಗೆ ಸಾವಿರಾರು ರೂಪಾಯಿ ಎಂದರೆ ಯಾವ ಗುಣಕದಿಂದ ಎಂದು ಕೂಡಿ ತೋರಿಸಲು ಹೇಳಿ.

ವ್ಯವಸ್ಥಾಪಕಿಗೆ ನಾನು ಕೊಟ್ಟ ಸಲಹೆ ಬೇಡ ಎಂದಲ್ಲ, ಸಹಿಗೆ ಮೊದಲು ನಾಲ್ಕು ಮಾತು ಬರಹದಲ್ಲಿ ಕೇಳಿ ಎಂದು. ಯಾವ ನೋಂದಣಿ ಸಂಸ್ಥೆ, ಯಾವ ವಿಧಾನ? ಮಾರಿದ ಮೇಲೆ ರೈತನ ಪಾಲು ಎಷ್ಟು, ಯಾವಾಗ? ನಡುವೆ ಬಿಟ್ಟರೆ ದಂಡವೇ? ಸದಸ್ಯರ ಪಹಣಿ, ಹೊಲದ ನಕ್ಷೆ, ಲೆಕ್ಕದ ಪ್ರತಿ ನಮ್ಮ ಬಳಿಯೂ ಇರುತ್ತದೆಯೇ? ನನಗೆ ಗೊತ್ತಿರುವ ಒಂದು ಊರಿನಲ್ಲಿ ಆ್ಯಪ್ ತುಂಬಲು ಬಂದ ಹುಡುಗ ಎಲ್ಲರ ಗದ್ದೆಗೂ "ನಾಲ್ಕು ಬಾರಿ ನೀರು ಇಳಿಸಲಾಗಿದೆ" ಎಂದು ಒತ್ತಿ ಹೋಗಿದ್ದ. ಆ ವರ್ಷ ಕಾಲುವೆಯ ಮೇಲ್ಭಾಗದ ಗದ್ದೆಗಳಲ್ಲಿ ನೀರು ಒಂದು ದಿನವೂ ಇಳಿದಿರಲಿಲ್ಲ. ಪರಿಶೀಲಕರು ಬಂದು ಪ್ರಶ್ನಿಸಿದಾಗ ತಲೆತಗ್ಗಿಸಬೇಕಾಗಿ ಬಂದದ್ದು ರೈತರು. ಚೀನಾದ 37 ಭತ್ತದ ಯೋಜನೆಗಳನ್ನು 2024ರಲ್ಲಿ ಕ್ರೆಡಿಟ್ ನೋಂದಣಿ ಮಾಡುವ ವೆರಾ ಸಂಸ್ಥೆ ತಿರಸ್ಕರಿಸಿದೆ. ಹಾಗಾಗಿ ಸುಳ್ಳು ಅಂಕಿಗೆ ಮುಂದೆಯೂ ಬೆಲೆ ಸಿಗುತ್ತದೆ ಎಂದುಕೊಳ್ಳಬೇಡಿ.

ಸದಸ್ಯರು ಐನೂರಕ್ಕಿಂತ ಕಡಿಮೆ ಇದ್ದು ಹೊಲಗಳು ಚದುರಿದ್ದರೆ ಒಂದು ವರ್ಷ ಕಾಯುವುದೇ ಸರಿ ಎನ್ನುತ್ತೇನೆ. ಆ ವರ್ಷದಲ್ಲಿ ಪುಸ್ತಕ ಬರೆಸಿ, ಇಪ್ಪತ್ತು ಹೊಲಗಳನ್ನು ಕೂಲ್ ಫಾರ್ಮ್ ಟೂಲ್‌ಗೆ ಹಾಕಿ. ನಿಮ್ಮದೇ ಅಂಕಿ ಕೈಯಲ್ಲಿದ್ದರೆ ಚೌಕಾಸಿಗೆ ಕೂರುವ ರೀತಿಯೇ ಬೇರೆ.

ಸಿಂಧನೂರಿನವರು ಏನು ಮಾಡಿದರು

ಅವರಿಗೆ ಬೇಕಿದ್ದದ್ದು ಖರೀದಿದಾರರಿಗೆ ತೋರಿಸುವ ಒಂದು ಹಾಳೆ ಮತ್ತು ಮುಂದಿನ ವರ್ಷ ಕಡಿಮೆಯಾಗಿದೆ ಎನ್ನಲು ಆಧಾರ. ಹಾಗಾಗಿ ಪುಸ್ತಕ, ಅದರ ಮೇಲೆ ಟೂಲ್. ಮಣ್ಣಿಗೂ ಗಾಳಿಗೂ ಖರ್ಚು ಮಾಡಲಿಲ್ಲ. ಒಂದಡಿ ಉದ್ದದ ಪ್ಲಾಸ್ಟಿಕ್ ಪೈಪಿಗೆ ಕೆಳಗಿನ ಅರ್ಧಕ್ಕೆ ತೂತು ಕೊರೆದು ಗದ್ದೆಯಲ್ಲಿ ಊರಿದ್ದಾರೆ. ನೀರು ನೆಲದಿಂದ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮತ್ತೆ ಕಟ್ಟುವುದು. ಪಿಯುಸಿ ಓದುವ ಮಗಳು ಬೆಳಿಗ್ಗೆ ಸ್ಕೇಲು ಇಳಿಬಿಟ್ಟು ನೋಡಿ ಬರೆಯುತ್ತಾಳೆ. ಮೊನ್ನೆ ಅವರು ಆ ಪುಟದ ಫೋಟೊ ಕಳಿಸಿದ್ದರು: ನಾಟಿಯ ತಾರೀಖು, ಯೂರಿಯಾ 45 ಕಿಲೋ, ಡೀಸೆಲ್ 11 ಲೀಟರ್, ಅದರ ಕೆಳಗೆ ನೀರಿನ ಕಾಲಮ್ಮು. ಒಂದು ದಿನದ ಎದುರು "ಮಳಿ ಬಂತು, ಇಳಿಲಿಲ್ಲ" ಎಂದಿತ್ತು.